ಪಿತೃಗಳ ಪಾಪ, ಸಂತತಿಯ ಲಜ್ಜೆ

ತಂದೆ ತಾತಂದಿರ ಪಾಪ ಮಕ್ಕಳು ಮೊಮ್ಮಕ್ಕಳನ್ನು ಮುಟ್ಟುವುದೇ ಎಂಬ ಪ್ರಶ್ನೆ ಮಾನವನ ಧರ್ಮಚಿಂತನೆಯಷ್ಟೇ ಪುರಾತನವಾದುದು. ಮಾಡಿದವನೇ ಉಣ್ಣಬೇಕೆಂಬುದು ನಮ್ಮ ಕರ್ಮಸಿದ್ಧಾಂತದ ಮೂಲಸೂತ್ರವಾದರೂ, ಕಂಡವರ ಮನೆತನವೊಂದು ಕೆಟ್ಟಾಗ ಹಿರಿಯರು ಮಾಡಿದ್ದರ ಫಲವೆಂದು ಆಡಿಕೊಳ್ಳುವುದನ್ನು ನಾವು ಬಿಟ್ಟವರಲ್ಲ. ಬೈಬಲ್ಲಿನಲ್ಲಿಯೂ ಇದೇ ದ್ವಂದ್ವವುಂಟು: ವಿಮೋಚನಕಾಂಡದ ದೇವರು ಪಿತೃಗಳ ದೋಷಕ್ಕಾಗಿ ಮೂರು ನಾಲ್ಕು ತಲೆಗಳವರೆಗೆ ಸಂತತಿಯನ್ನು ವಿಚಾರಿಸಿಕೊಳ್ಳುವವನು, ಪ್ರವಾದಿಯಾದ ಯೆಹೆಜ್ಕೇಲನಾದರೋ ಅವರವರ ದೋಷ ಅವರವರಿಗೇ ಎಂದು ಸಾರುತ್ತಾನೆ. ಈ ಗ್ರಂಥವೊಂದನ್ನೇ ಪರಮಪ್ರಮಾಣವೆಂದು ನಂಬಿ ಸಮುದ್ರವನ್ನು ದಾಟಿದ ಒಂದು ಆಂಗ್ಲ ಮನೆತನದ ಚರಿತ್ರೆಯಲ್ಲಿ ಆ ಪ್ರಶ್ನೆ ಪಡೆದ ಉತ್ತರ ವಿಚಾರಾರ್ಹವಾಗಿದೆ.

ವಿಲಿಯಂ ಹಾಥಾರ್ನ್ ಎಂಬಾತ ಇಂಗ್ಲೆಂಡನ್ನು ತೊರೆದು 1630ರ ಸುಮಾರಿಗೆ ಮಸಾಚುಸೆಟ್ಸ್‌ಗೆ ಬಂದು, ಕೆಲವು ವರ್ಷಗಳಲ್ಲಿ ಸೇಲೆಮ್ ಪಟ್ಟಣದಲ್ಲಿ ನೆಲೆಸಿದನು. ಅವನು ಯೋಧ, ಶಾಸನಕಾರ, ನ್ಯಾಯಾಧಿಪತಿ. ಪ್ಯೂರಿಟನ್ ಪಂಥದ ಸಕಲ ಸದ್ಗುಣಗಳೂ ಸಕಲ ಕಾಠಿಣ್ಯವೂ ಆತನಲ್ಲಿ ಏಕತ್ರ ಸೇರಿದ್ದುವು. ಸ್ವಮತವನ್ನು ನಿರಾತಂಕವಾಗಿ ಆಚರಿಸಬೇಕೆಂದು ತಾಯ್ನಾಡನ್ನು ಬಿಟ್ಟುಬಂದ ಈ ಜನರೇ, ಅಂತರಂಗದ ಜ್ಯೋತಿಯನ್ನು ನಂಬಿದ ಕ್ವೇಕರರನ್ನು ಸಹಿಸದಾದರು. ಅವರನ್ನು ಬಂಡಿಯ ಹಿಂಬದಿಗೆ ಕಟ್ಟಿ, ಊರಿಂದೂರಿಗೆ ಚಾವಟಿಯಿಂದ ಹೊಡೆಯುತ್ತ ಸೀಮೆಯಾಚೆಗೆ ಅಟ್ಟಬೇಕೆಂದು 1661ರಲ್ಲಿ ಶಾಸನವನ್ನೇ ಮಾಡಿದರು. ಆನ್ ಕೋಲ್ಮನ್ ಎಂಬ ಕ್ವೇಕರ್ ಸ್ತ್ರೀಗೆ ಈ ಶಿಕ್ಷೆಯನ್ನು ವಿಧಿಸಿದವನು ಇದೇ ವಿಲಿಯಂ.

ಅವನ ಮಗ ಜಾನ್ ತಂದೆಯನ್ನೂ ಮೀರಿಸಿದನು. 1692ರ ಮಾರ್ಚ್ 1ರಂದು ಸೇಲೆಮ್ ಗ್ರಾಮದಲ್ಲಿ ಮಾಟಗಾತಿಯರೆಂಬ ಆಪಾದನೆಯ ವಿಚಾರಣೆ ಆರಂಭವಾದಾಗ, ಸಾರಾ ಗುಡ್ ಎಂಬ ಬಡ ಹೆಂಗಸಿನೊಡನೆ ಅವನು ತೊಡಗಿದ ರೀತಿಯೇ ಅವನ ಮನಸ್ಸಿಗೆ ಕನ್ನಡಿ: ದುಷ್ಟಭೂತದ ಸಹವಾಸ ನಿನಗುಂಟೇ ಎಂದಲ್ಲ, ಯಾವ ಭೂತದ ಸಹವಾಸವಿದೆ ಎಂದು ಅವನು ಕೇಳಿದನು. ಆಪಾದನೆ ಸಿದ್ಧವಾಗಿಬಿಟ್ಟಿತ್ತೆಂದು ಮೊದಲೇ ನಿಶ್ಚಯಿಸಿದವನಿಗೆ ಉತ್ತರದಿಂದ ಆಗಬೇಕಾದುದೇನು? ಆಕೆ ಜುಲೈ 19ರಂದು ನೇಣುಗಂಬವನ್ನೇರಿದಳು. ಆ ವರ್ಷ ಹತ್ತೊಂಬತ್ತು ಮಂದಿ ಗಲ್ಲಿಗೇರಿದರು. ಬಾಯಿಬಿಡದ ವೃದ್ಧ ಜೈಲ್ಸ್ ಕೋರಿ ಎದೆಯ ಮೇಲೆ ಹೇರಿದ ಕಲ್ಲುಗಳ ಭಾರದಿಂದ ಸತ್ತನು. ಜಾನ್ ಹಾಥಾರ್ನ್ ಇದಾದ ಮೇಲೆಯೂ ಇಪ್ಪತ್ತೈದು ವರ್ಷ ಬಾಳಿ, 1717ರಲ್ಲಿ ಗೌರವಸ್ಥನಾಗಿಯೇ ಕಣ್ಮುಚ್ಚಿದನು. ಆತನು ಪಶ್ಚಾತ್ತಾಪಪಟ್ಟನೆಂಬುದಕ್ಕೆ ದಾಖಲೆಯಿಲ್ಲ.

ಅದೇ ನ್ಯಾಯಪೀಠದಲ್ಲಿ ಕುಳಿತಿದ್ದ ಇನ್ನೊಬ್ಬ ನ್ಯಾಯಾಧೀಶ ಸ್ಯಾಮ್ಯುಯೆಲ್ ಸ್ಯೂವಲ್. 1696ರ ಡಿಸೆಂಬರಿನಲ್ಲಿ ಅವನ ಎಳೆಯ ಮಗಳು ತೀರಿಕೊಂಡಳು. ಮರುದಿನ ಮನೆಯಲ್ಲಿ ಮಗನು ಧರ್ಮಗ್ರಂಥವನ್ನು ಓದುತ್ತಿರುವಾಗ, ನಿರಪರಾಧಿಗಳನ್ನು ದಂಡಿಸಿದವರ ವಿಷಯವಾದ ವಾಕ್ಯವೊಂದು ಅವನ ಕಿವಿಗೆ ಬಿದ್ದು, ಎದೆಯನ್ನು ಇರಿಯಿತು. 1697ರ ಜನವರಿ 14ರಂದು, ಉಪವಾಸದ ದಿನ, ಬಾಸ್ಟನ್ನಿನ ದೇವಾಲಯದಲ್ಲಿ ತುಂಬಿದ ಸಭೆಯ ನಡುವೆ ಅವನು ಎದ್ದು ನಿಂತನು. ಪಾದ್ರಿಯು ಅವನ ತಪ್ಪೊಪ್ಪಿಗೆಯ ಪತ್ರವನ್ನು ಓದಿ ಮುಗಿಸುವವರೆಗೂ ನಿಂತೇ ಇದ್ದನು. ದೋಷವನ್ನೂ ಲಜ್ಜೆಯನ್ನೂ ತನ್ನ ತಲೆಯ ಮೇಲೆಯೇ ಹೊತ್ತುಕೊಂಡ ಅವನು, ತನ್ನ ಪಾಪದ ಫಲ ತನ್ನವರ ಮೇಲಾಗಲಿ ನಾಡಿನ ಮೇಲಾಗಲಿ ಬೀಳದಿರಲೆಂದು ಆ ಪತ್ರದಲ್ಲಿ ಬೇಡಿಕೊಂಡಿದ್ದನು.

ಹಾಥಾರ್ನ್ ಮನೆತನದಲ್ಲಿ ಈ ಕಾರ್ಯ ಆರನೆಯ ತಲೆಯವರೆಗೆ ಬಾಕಿ ಉಳಿಯಿತು. 1804ರಲ್ಲಿ ಸೇಲೆಮ್‌ನಲ್ಲಿಯೇ ಹುಟ್ಟಿದ ಕಾದಂಬರಿಕಾರ ನೆಥಾನಿಯಲ್ ಹಾಥಾರ್ನ್ ತನ್ನ ಮನೆತನದ ಹೆಸರಿಗೆ ಒಂದಕ್ಷರವನ್ನು ಸೇರಿಸಿ ಬರೆದುಕೊಂಡನೇ ವಿನಾ ಮನೆತನವನ್ನು ಮರೆಮಾಚಲಿಲ್ಲ. 1850ರಲ್ಲಿ ಪ್ರಕಟವಾದ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿಯ ಪೀಠಿಕೆಯಲ್ಲಿ ಅವನು ಈ ಇಬ್ಬರು ಪೂರ್ವಜರನ್ನು ಎದುರಿಗೆ ನಿಲ್ಲಿಸಿ, ಅವರ ಪ್ರತಿನಿಧಿಯಾಗಿ ಲಜ್ಜೆಯನ್ನು ತಾನು ವಹಿಸಿಕೊಳ್ಳುವುದಾಗಿಯೂ, ಅವರಿಗೆ ತಗುಲಿದ ಶಾಪವೇನಾದರೂ ಇದ್ದರೆ ಇನ್ನಾದರೂ ನಿವಾರಣೆಯಾಗಲೆಂದೂ ಬರೆದನು. ಕಥೆ ಬರೆದು ಹೊಟ್ಟೆ ಹೊರೆಯುವ ತನ್ನನ್ನು ಆ ಹಿರಿಯರು ಕುಲಕ್ಕೆ ಅಪ್ರಯೋಜಕನೆಂದು ಹೀಗಳೆದಾರೆಂದು ನಗುತ್ತಲೇ, ಅವರ ಸ್ವಭಾವದ ಬಲವಾದ ಎಳೆಗಳು ತನ್ನಲ್ಲಿಯೂ ಹೆಣೆದುಕೊಂಡಿವೆಯೆಂದು ಒಪ್ಪಿಕೊಂಡನು.

ಸಾರಾ ಗುಡ್ ಸತ್ತು ನೂರಹನ್ನೊಂದು ವರ್ಷಗಳಾದ ಮೇಲೆ ಹುಟ್ಟಿದವನಿಗೆ ಆಕೆಯ ಮರಣದಲ್ಲಿ ಪಾಲೆಲ್ಲಿಯದು ಎಂದು ಯಾರಾದರೂ ಕೇಳಿಯಾರು. ಪಾಪದಲ್ಲಿ ಪಾಲಿಲ್ಲ, ನಿಜ. ಕರ್ತೃವಿನ ದೋಷ ಕರ್ತೃವಿನೊಡನೆಯೇ ಸಾಯುತ್ತದೆ. ಆದರೆ ವಂಶದ ಕೀರ್ತಿಯನ್ನು ನಮ್ಮದೆಂದು ಸ್ವೀಕರಿಸುವಾಗ ನಾವು ಈ ತರ್ಕವನ್ನು ಎತ್ತುವುದಿಲ್ಲವಷ್ಟೆ. ಹಿರಿಯರು ಗಳಿಸಿದ ಭೂಮಿಗೂ ಮರ್ಯಾದೆಗೂ ವಾರಸುದಾರನೆಂದು ಮುಂದೆ ಬರುವವನು ಅವರ ಅನ್ಯಾಯದ ಮಾತು ಬಂದೊಡನೆ ಹಿಂದೆ ಸರಿದರೆ, ಅದು ವಿವೇಕವೆನಿಸದು, ಸೌಕರ್ಯವೆನಿಸೀತು. ಹಾಗೆಂದು ಸಂತತಿಯ ಲಜ್ಜೆ ಪೂರ್ವಜನನ್ನು ಪಾಪಮುಕ್ತನನ್ನಾಗಿ ಮಾಡಲಾರದು. ಪ್ರಾಯಶ್ಚಿತ್ತವು ಪಾಪ ಮಾಡಿದವನದೇ ಕರ್ತವ್ಯ, ಸ್ಯೂವಲನು ಬದುಕಿರುವಾಗಲೇ ಮಾಡಿದ್ದು ಅದನ್ನೇ. ಅದಕ್ಕೆ ಅವಕಾಶ ಮೀರಿಹೋದ ಮೇಲೆ ಹುಟ್ಟಿದವರಿಗೆ ಉಳಿಯುವುದು ಸತ್ಯವನ್ನು ನುಡಿಯುವ ಹೊಣೆಯೊಂದೇ. ಹಿರಿಯರ ಹೆಸರನ್ನು ಅಭಿಮಾನದಿಂದ ಹೇಳಿಕೊಳ್ಳುವವರು ಅವರ ಕೈಯಿಂದ ನೊಂದವರ ಹೆಸರನ್ನೂ ಅದೇ ಬಾಯಿಂದ ಹೇಳಬೇಕು; ಹೇಳಲು ಮನಸ್ಸಿಲ್ಲದವರಿಗೆ ಆ ಅಭಿಮಾನದ ಹಕ್ಕೂ ಇಲ್ಲ.