ಬೇಕಂತಲೇ ಮಾಡುತ್ತಾನೆಯೇ?

ಯುಗಾದಿ, ದೀಪಾವಳಿ ಊಟಗಳಲ್ಲಿ ತಾಯ್ತಂದೆಯರು ನನ್ನನ್ನು ಪಕ್ಕಕ್ಕೆ ಕರೆದು ಕೇಳುವುದುಂಟು: "ಡಾಕ್ಟ್ರೇ, ಮಗ ಸುಮ್ಮಸುಮ್ಮನೆ ಕಣ್ಣು ಮಿಟುಕಿಸ್ತಾನೆ, ಭುಜ ಹಾರಿಸ್ತಾನೆ. ಸ್ಕೂಲಿನಲ್ಲಿ ತಡೆದುಕೊಳ್ತಾನಂತೆ. ಅಂದಮೇಲೆ ಮನೆಯಲ್ಲಿ ಬೇಕಂತಲೇ ಮಾಡ್ತಾನೆ, ಅಲ್ವೇ?"

ತಡೆಯಬಲ್ಲವನು ತಡೆಯದಿದ್ದರೆ ತಪ್ಪು ಅವನದೇ ಎಂಬ ತರ್ಕ ಇದು. ಆದರೆ ಸೊಳ್ಳೆ ಕಚ್ಚಿದ ಜಾಗವನ್ನು ಕೆರೆಯದೆ ನಾವೆಷ್ಟು ಹೊತ್ತು ಇರಬಲ್ಲೆವು? ಟಿಕ್ ಬರುವ ಮುನ್ನ ಅಂಥದೇ ಒಂದು ಒತ್ತಡ ಏಳುತ್ತದೆಂದು ಸ್ವಲ್ಪ ದೊಡ್ಡ ಮಕ್ಕಳು ತಾವೇ ಹೇಳುತ್ತಾರೆ. ತರಗತಿಯಲ್ಲಿ ಹೇಗೋ ಹಿಡಿದಿಟ್ಟುಕೊಂಡು, ಯಾರೂ ನಗದ ಜಾಗಕ್ಕೆ ಬಂದು ಬಿಟ್ಟುಬಿಡುತ್ತಾರೆ. ಆ ಜಾಗ ಮನೆ.

ಪ್ಯಾರಿಸ್ಸಿನ ವೈದ್ಯ ಟೂರೆಟ್ 1885ರಲ್ಲೇ ಇಂಥ ಒಂಬತ್ತು ರೋಗಿಗಳ ವಿಷಯ ಬರೆದಿದ್ದ. ಟಿಕ್ ಸಾಮಾನ್ಯವಾಗಿ 5-7ನೇ ವಯಸ್ಸಿಗೆ ಶುರುವಾಗುತ್ತದೆ. ಎಷ್ಟೋ ಮಕ್ಕಳಲ್ಲಿ ಬೇಗ ಹೋಗುತ್ತದೆ, ಉಳಿದರೂ 10-12ರ ಸುಮಾರಿಗೆ ಜೋರಾಗಿ ಹದಿಹರೆಯದ ಕೊನೆಗೆ ಬಹುಪಾಲು ತಗ್ಗುತ್ತದೆ. ಓದಿಗೆ, ಆಟಕ್ಕೆ ಅಡ್ಡಿಯಾದರೆ ವರ್ತನೆಯ ತರಬೇತಿಯಿದೆ, ಔಷಧಿಯೂ ಇದೆ. ಗದರಿಸಿದರೆ ಆತಂಕ ಹೆಚ್ಚಿ ಟಿಕ್ಕೂ ಹೆಚ್ಚುವುದುಂಟು.

ಇಷ್ಟೆಲ್ಲ ಓದಿಕೊಂಡಿದ್ದ ನಾನೇ, ನನ್ನ ಮಗ ಚಿಕ್ಕವನಿದ್ದಾಗ ಬೆಲ್ಟ್‌ವೇ ಟ್ರಾಫಿಕ್ಕಿನಲ್ಲಿ ಅವನ ಗಂಟಲಿನ ಸದ್ದಿಗೆ ರೇಗುತ್ತಿದ್ದೆ. ಸದ್ದು ಎಂದೋ ನಿಂತಿದೆ. ನನ್ನ ಪಕ್ಕ ಕಾರಿನಲ್ಲಿ ಕೂತರೆ ಅವನು ಇಂದಿಗೂ ಹೆಚ್ಚು ಮಾತಾಡುವುದಿಲ್ಲ.