ಕಲ್ಲು ಯಾರ ಅಮಾನತು?

ವಿದೇಶಿ ಬಂಡವಾಳ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ನಮ್ಮಲ್ಲಿ 1991ರಿಂದ ನಡೆದೇ ಇದೆ. ಒಬ್ಬರಿಗೆ ಅದು ಅಭಿವೃದ್ಧಿಯ ಬಾಗಿಲು, ಇನ್ನೊಬ್ಬರಿಗೆ ಎರಡನೆಯ ಈಸ್ಟ್ ಇಂಡಿಯಾ ಕಂಪೆನಿ. ಕೋಡ್ಲಾದ ತೊಗರಿ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಪ್ರಶ್ನೆಯ ರೂಪವೇ ಬೇರೆಯಾಗುತ್ತದೆ.

ಸೇಡಂ, ಚಿತ್ತಾಪುರ, ಚಿಂಚೋಳಿಯ ನೆಲದಡಿ ಇರುವುದು ಸುಣ್ಣದ ಕಲ್ಲು. ಅದನ್ನು ಅರಸಿ ಎಲ್ಲ ಬಗೆಯ ಬಂಡವಾಳವೂ ಬಂದಿದೆ. ವಾಡಿಯಲ್ಲಿ ಕಾರ್ಖಾನೆ ನಡೆಸುವ ಎಸಿಸಿಯ ಹಿಡಿತ 2005ರಲ್ಲಿ ಸ್ವಿಟ್ಜರ್‌ಲೆಂಡಿನ ಹೋಲ್ಸಿಮ್ ಕೈಗೆ ಹೋಯಿತು. 2022ರಲ್ಲಿ ಅದು ಅದಾನಿ ಸಮೂಹಕ್ಕೆ ಬಂತು. ಛತ್ರಸಾಲದ ಕಾರ್ಖಾನೆ ಫ್ರಾನ್ಸಿನ ವಿಕಾ ಕಂಪೆನಿಯದು. ಕೋಡ್ಲಾದ ಶ್ರೀ ಸಿಮೆಂಟ್ ಸ್ವದೇಶಿ. ಒಡೆಯ ಯಾರೇ ಆಗಲಿ, ಕಲ್ಲು ತೆಗೆದಲ್ಲಿ ಉಳಿಯುವುದು ಗುಂಡಿಯೇ.

ಇದೇ ವಿಕಾ ಕಝಾಕ್‌ಸ್ತಾನದಲ್ಲೂ ಸಿಮೆಂಟ್ ಕಾರ್ಖಾನೆ ಕಟ್ಟಿದೆ. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ ಆ ದೇಶ ತನ್ನ ಗಣಿ, ಕಾರ್ಖಾನೆಗಳನ್ನು ಹೊರಗಿನವರಿಗೆ ಮಾರಿತು. ತೆಮಿರ್ತಾವ್‌ನ ಉಕ್ಕಿನ ಕಾರ್ಖಾನೆಯನ್ನು 1995ರಲ್ಲಿ ಕೊಂಡವರು ನಮ್ಮ ರಾಜಸ್ಥಾನದಲ್ಲಿ ಹುಟ್ಟಿದ ಲಕ್ಷ್ಮಿ ಮಿತ್ತಲ್. ಅಲ್ಲಿನವರ ಪಾಲಿಗೆ ‘ವಿದೇಶಿ’ ಎಂದರೆ ನಾವು! 2023ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆಯ ಕೊಸ್ತೆಂಕೊ ಕಲ್ಲಿದ್ದಲು ಗಣಿಯ ದುರಂತದಲ್ಲಿ 46 ಕಾರ್ಮಿಕರು ಸತ್ತರು. ಆ ವರ್ಷ ಮುಗಿಯುವುದರೊಳಗೆ ಕಾರ್ಖಾನೆ ಮತ್ತೆ ಆ ದೇಶದವರ ಕೈಸೇರಿತು. ಹಿಂದೆ ಅದು ‘ಎಲ್ಲ ಜನರ ಆಸ್ತಿ’ ಎನಿಸಿಕೊಂಡಿತ್ತು. ಮಾರುವಾಗ ಆ ಎಲ್ಲ ಜನರನ್ನು ಕೇಳಿದವರು ಯಾರು?

ಬಂಡವಾಳವೇ ಬೇಡ ಎನ್ನುವುದೂ ಪ್ರಾಮಾಣಿಕ ಮಾತಲ್ಲ. ನಮ್ಮ ಭಾಗದ ಜನ ದುಡಿಮೆಗೆಂದು ಮುಂಬೈ, ಪುಣೆ, ಹೈದರಾಬಾದಿನ ರೈಲು ಹತ್ತುತ್ತಲೇ ಬಂದಿದ್ದಾರೆ. ಊರ ಪಕ್ಕದಲ್ಲೇ ತಿಂಗಳ ಪಗಾರ ಸಿಗುವುದು ಅಂಥ ಮನೆಗಳಿಗೆ ಸಣ್ಣ ಮಾತಲ್ಲ. ಆದರೆ ತೊಗರಿ ಮುಂದಿನ ಮುಂಗಾರಿಗೆ ಮತ್ತೆ ಬರುತ್ತದೆ, ಕಲ್ಲು ಬರುವುದಿಲ್ಲ. ಹೊಲ ಮಾರಿದವನಿಗೆ ಬೆಲೆ ಸಿಗುವುದು ಒಂದೇ ಸಲ. ಅವನ ಮೊಮ್ಮಗನಿಗೆ ಹೊಲವೂ ಇಲ್ಲ, ಕಲ್ಲೂ ಇಲ್ಲ. ಕಾರ್ಖಾನೆಯಲ್ಲಿ ಕೆಲಸ ಸಿಕ್ಕೀತೆಂಬ ಭರವಸೆಯೂ ಇಲ್ಲ.

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಕೊಟ್ಟು ಇಟ್ಟ ವಸ್ತು. ಅದನ್ನು ಕಾಯಬೇಕು, ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಅದೇ ಪದ ನಮ್ಮ ಕನ್ನಡ ಕಚೇರಿಗಳಿಗೆ ಬಂದು ‘ಅಮಾನತು’ ಆಯಿತು, ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವ ಆದೇಶವಾಯಿತು. ನೆಲದಡಿಯ ಕಲ್ಲಿನ ವಿಷಯದಲ್ಲಿ ನಾವು ಈ ಎರಡನೆಯ ಅರ್ಥವನ್ನೇ ಪಾಲಿಸುತ್ತಿದ್ದೇವೆ. ಹೊಣೆಯನ್ನೇ ಅಮಾನತಿನಲ್ಲಿಟ್ಟಿದ್ದೇವೆ.

ಲೆಕ್ಕ ಕೇಳಲು ದಾರಿ ಇಲ್ಲದಿಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯ ಪ್ರಕಾರ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ, ಹಳೆಯ ಗುತ್ತಿಗೆಗಳಿಗೆ ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದವಕ್ಕೆ ಶೇ. 10ರಷ್ಟು ಹಣವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಅದು ಗಣಿಯಿಂದ ಬಾಧಿತರಾದ ಜನರ ಹಿತಕ್ಕೆಂದೇ ಮೀಸಲಾದ ಹಣ. ಅದು ನಮ್ಮೂರಿನ ಕುಡಿಯುವ ನೀರಿಗೆ, ಶಾಲೆಗೆ, ದವಾಖಾನೆಗೆ ಎಷ್ಟು ಬಂತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ನಮಗಿದೆ.

ಬಂಡವಾಳದ ಜಾತಕ ನೋಡುವುದರಲ್ಲೇ ನಾವು ಮುಳುಗಿದರೆ ಒಡೆಯರು ಬದಲಾಗುತ್ತಾ ಹೋಗುತ್ತಾರೆ, ಲೆಕ್ಕ ಮಾತ್ರ ಯಾರೂ ಒಪ್ಪಿಸುವುದಿಲ್ಲ. ಕೊಂಡವನು ಯಾವ ದೇಶದವನು ಎಂಬುದಕ್ಕಿಂತ, ಇಟ್ಟವರಿಗೆ ಏನು ಒಪ್ಪಿಸಿದ ಎಂಬುದು ದೊಡ್ಡ ಪ್ರಶ್ನೆ. ಇಟ್ಟವರಲ್ಲಿ ಇನ್ನೂ ಹುಟ್ಟದವರೂ ಇದ್ದಾರೆ. ಅವರ ಪರವಾಗಿ ಕೇಳಬೇಕಾದವರು ನಾವೇ.