ಕಡಿಮೆ ಉಣ್ಣುವುದು ಗುಣವೇ?

ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮಂಥ ಸಂಬಳದಾರರ ಮನೆಗಳಲ್ಲಿ ಲೆಕ್ಕದ ಪುಸ್ತಕ ಹೊರಬರುತ್ತದೆ. ಊರು ಬಿಟ್ಟು ಮಹಾನಗರಕ್ಕೆ ಬಂದ ನಾವೆಲ್ಲ ಹಾಸಿಗೆ ಇದ್ದಷ್ಟೇ ಕಾಲು ಚಾಚುವುದನ್ನು ಕಲಿತವರು. ಆದರೆ ಕಡಿಮೆಯಲ್ಲಿ ಬಾಳುವುದು ತನ್ನಷ್ಟಕ್ಕೇ ಒಂದು ಸದ್ಗುಣವೇ? ಈ ಪ್ರಶ್ನೆ ನಮ್ಮನ್ನು ಕಾಡಿದ್ದು ದನಗಳ ವಿಷಯವಾಗಿ ಓದುತ್ತಿದ್ದಾಗ.

ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಮಾಂಸಕ್ಕಾಗಿ ದನ ಸಾಕುತ್ತಾರೆ. ಆ ಆಹಾರ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಅದರಲ್ಲಿ ನಮ್ಮ ಓದುಗರ ಮನೆಮನೆಗೂ ಅಭಿಪ್ರಾಯ ಬೇರೆ. ಸಾಕುವವರಿಗೆ ದೊಡ್ಡ ಖರ್ಚು ಮೇವಿನದು. ತಿಂದ ಮೇವನ್ನು ಹೆಚ್ಚಿದ ತೂಕದಿಂದ ಭಾಗಿಸಿ, ಕಡಿಮೆ ಅಂಕಿ ಬಂದ ಹೋರಿಯನ್ನು ತಳಿಗೆ ಉಳಿಸಿಕೊಳ್ಳುವುದು ಹಳೆಯ ಕ್ರಮ. ಇದರಲ್ಲಿ ಗೆಲ್ಲುವುದು ಬೇಗ ಬೆಳೆಯುವ ಹೋರಿ. ಅದರ ಹೆಣ್ಣುಕರುಗಳೋ ದೊಡ್ಡ ಮೈಯ ಹಸುಗಳಾಗಿ ವರ್ಷವಿಡೀ ಹೆಚ್ಚು ಮೇಯುತ್ತವೆ. ಉಳಿಸಲು ಹೋಗಿ ಖರ್ಚು ಹೆಚ್ಚಿದಂತಾಯಿತು.

ಇದಕ್ಕೆ ಪರಿಹಾರವಾಗಿ 1963ರಲ್ಲಿ ಅಮೆರಿಕದ ಪಶುವಿಜ್ಞಾನಿಗಳು ಬೇರೊಂದು ಲೆಕ್ಕ ಸೂಚಿಸಿದರು. ಇಷ್ಟು ತೂಕದ, ಇಷ್ಟು ವೇಗದಲ್ಲಿ ಬೆಳೆಯುವ ಪ್ರಾಣಿಗೆ ಎಷ್ಟು ಮೇವು ಬೇಕೆಂದು ಮೊದಲು ಅಂದಾಜು ಮಾಡುವುದು. ಅದು ನಿಜವಾಗಿ ತಿಂದದ್ದರಿಂದ ಆ ಅಂದಾಜನ್ನು ಕಳೆಯುವುದು. ಅಂದಾಜು ದಿನಕ್ಕೆ 11 ಕಿಲೋ ಇದ್ದು, ಒಂದು ಹೋರಿ 10 ಕಿಲೋ, ಇನ್ನೊಂದು 12 ಕಿಲೋ ತಿಂದು ಸಮವಾಗಿ ಬೆಳೆದರೆ ಮೊದಲನೆಯದು ಮಿತವ್ಯಯಿ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಟ್ರ್ಯಾಂಗಿ ಸಂಶೋಧನಾ ಕೇಂದ್ರದಲ್ಲಿ ಆಂಗಸ್ ದನಗಳನ್ನು ಹೀಗೆ ಆರಿಸಿ ಬೆಳೆಸಿದಾಗ, ಈ ಗುಣ ಕರುಗಳಿಗೂ ಇಳಿಯುವುದು ಕಂಡುಬಂತು. ಕಡಿಮೆ ಮೇವೆಂದರೆ ಹುಲ್ಲೂ ಉಳಿತಾಯ, ವಾತಾವರಣಕ್ಕೆ ಸೇರುವ ಮೀಥೇನ್ ಅನಿಲವೂ ಕಡಿಮೆ. ಇದು ಸಣ್ಣ ಲಾಭವಲ್ಲ.

ಆದರೆ ಈ ತೂಕ ನಡೆಯುವುದು ಹೆಚ್ಚಾಗಿ ಕೊಟ್ಟಿಗೆಯಲ್ಲಿ, ಅಳೆದು ಹಾಕಿದ ಮೇವಿನ ಮೇಲೆ. ಬಯಲಲ್ಲಿ ಮೇಯುವ ದನದ ಒಂದೊಂದು ತುತ್ತನ್ನೂ ತಕ್ಕಡಿಯಲ್ಲಿಟ್ಟು ತೂಗುವವರಾರು? ಹುಲ್ಲಿನ ಮೇಣದಂಶವನ್ನು ಸಗಣಿಯಲ್ಲಿ ಪರೀಕ್ಷಿಸಿ ಅಂದಾಜು ಮಾಡುವ ಉಪಾಯವಿದೆ, ಅದೂ ಅಂದಾಜೇ. ಕೊಟ್ಟಿಗೆಯಲ್ಲಿ ಮೊದಲು ಬಂದ ದನ ಬಯಲಲ್ಲೂ ಮೊದಲು ಬಂದೀತೆಂಬ ಭರವಸೆಯಿಲ್ಲ. ಅಲ್ಲಿ ನಡೆಯಬೇಕು, ಹುಡುಕಬೇಕು, ಬಿಸಿಲು ಮಳೆ ತಾಳಬೇಕು.

ಇನ್ನೊಂದು ಸಂಗತಿಯಿದೆ. ಹೀಗೆ ಆರಿಸಿದ ದನಗಳ ಮೈಯಲ್ಲಿ ಕೊಬ್ಬು ತುಸು ಕಡಿಮೆ. ಮೇವಿನ ಲೆಕ್ಕಕ್ಕೆ ಕೊಬ್ಬು ಖರ್ಚು. ಹುಲ್ಲು ಒಣಗಿದ ತಿಂಗಳಲ್ಲಿ ಗಬ್ಬದ ಹಸುವಿಗೆ ಅದೇ ಕಣಜ. ಸುಗ್ಗಿಯಲ್ಲಿ ವ್ಯರ್ಥವೆಂದು ಬರೆದುಕೊಂಡದ್ದು ಬರಗಾಲದಲ್ಲಿ ಬದುಕಾಗಬಹುದು.

ನಮ್ಮ ನಾಡಿನ ಅಮೃತಮಹಲ್ ತಳಿಯನ್ನೇ ನೋಡಿ. ಕಾವಲುಗಳ ಹುಲ್ಲು ಮೇದು ಬೆಳೆದು, ಹೈದರ್, ಟಿಪ್ಪು ಸೈನ್ಯಗಳ ಸರಂಜಾಮು ಎಳೆದ ದನ ಅದು. ಹಾಲಿನ ಅಳತೆಯಿಂದ ಅಳೆದರೆ ಅದಕ್ಕೆ ಹಿಂದಿನ ಬೆಂಚೇ ಗತಿ. ತಪ್ಪು ದನದ್ದಲ್ಲ, ಅಳತೆಗೋಲಿನದು.

ಇಷ್ಟು ಓದಿದಾಗ ನಮಗೆ ನೆನಪಾದವರು ನಮ್ಮ ತಾಯಿ. ನಾವು ಚಿಕ್ಕವರಿದ್ದಾಗ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಎಲ್ಲರೂ ಉಂಡೆದ್ದ ಮೇಲೆ ಅವರು ತಳ ಹತ್ತಿದ ಪಾತ್ರೆ ಕೆರೆದು ಉಣ್ಣುತ್ತಿದ್ದರು. ‘ಆಕೆಗೆ ಹಸಿವೇ ಕಡಿಮೆ’ ಎಂದು ಬಂಧುಗಳು ಹೊಗಳುತ್ತಿದ್ದರು. ನಾವೂ ನಂಬಿದ್ದೆವು, ನಂಬುವುದು ನಮಗೆ ಅನುಕೂಲವಾಗಿತ್ತು. ಮುಂದೆ ಅವರು ಹಾಸಿಗೆ ಹಿಡಿದಾಗ ವೈದ್ಯರು ಹೇಳಿದ್ದು ಒಂದೇ ಮಾತು: ಮೈಯಲ್ಲಿ ರಕ್ತವಿಲ್ಲ. ಕಡಿಮೆ ತಿಂದು ಹೆಚ್ಚು ದುಡಿದ ಲೆಕ್ಕದ ಬಾಕಿಯನ್ನು ಅವರ ಎಲುಬುಗಳು ತೀರಿಸಿದ್ದವು.

ಹಾಗಾದರೆ ಮಿತವ್ಯಯ ತಪ್ಪೇ? ಅಲ್ಲ. ಹುಲ್ಲು ಪೋಲು ಮಾಡುವುದೂ ಅನ್ಯಾಯವೇ. ಆದರೆ ತನಗೆ ತಾನೇ ಹಾಕಿಕೊಂಡ ಮಿತಿ ವ್ರತ. ಇನ್ನೊಬ್ಬರ ತಟ್ಟೆಯ ಮೇಲೆ ನಾವು ಹಾಕಿದ ಮಿತಿ ಬರಿಯ ಉಳಿತಾಯ. ಅದನ್ನು ಅವರ ಗುಣವೆಂದು ಹೊಗಳುವ ಹಕ್ಕು ನಮಗಿಲ್ಲ. ದನವಂತೂ ಬಾಯಿಬಿಟ್ಟು ಹೇಳಲಾರದು. ಅದನ್ನು ಆರಿಸುವವರು ಮೇವಿನ ಲೆಕ್ಕದ ಪಕ್ಕದಲ್ಲಿ ಬೇಸಗೆಯ ತಿಂಗಳುಗಳನ್ನೂ, ಮುಂದಿನ ಕರುವನ್ನೂ ಬರೆದುಕೊಳ್ಳಬೇಕು. ಬಾಯಿ ಇದ್ದೂ ಹೇಳದವರು ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ. ಈ ತಿಂಗಳ ಲೆಕ್ಕ ಬರೆಯುವಾಗ, ಉಳಿದ ಹಣ ಯಾರ ತಟ್ಟೆಯಿಂದ ಉಳಿಯಿತೆಂದು ಒಮ್ಮೆ ಕೇಳಿ ನೋಡೋಣ.